ಬೀಟೆ ಮರದ ಬೆಲೆ ಮತ್ತು ಅದರ ಕಾಗದದ ಬೆಲೆ

ಮರದ ವ್ಯಾಪಾರದಲ್ಲಿರುವ ನಮ್ಮ ಸದಸ್ಯ ಬಾಂಧವರು ಒಂದು ದಿಮ್ಮಿಯ ಬೆಲೆಯನ್ನು ಬಹುಕಾಲದಿಂದ ಮೂರು ಅಂಶಗಳ ಮೇಲೆ ನಿರ್ಧರಿಸುತ್ತ ಬಂದಿದ್ದಾರೆ. ಅವು ದಿಮ್ಮಿಯ ಸುತ್ತಳತೆ, ಚೇಗಿನ ಬಣ್ಣ ಮತ್ತು ಬಿರುಕು, ಟೊಳ್ಳುಗಳಿಲ್ಲದ ನೇರವಾದ ಉದ್ದ. ಬೀಟೆ ಹಾಗೂ ಅದರ ಸೋದರ ಮರಗಳ ವಿಷಯದಲ್ಲಿ 2017ರ ಜನವರಿಯಿಂದೀಚೆಗೆ ನಾಲ್ಕನೆಯ ಅಂಶವೊಂದು ಸೇರಿಕೊಂಡಿದೆ. ಆ ಮರವು ಎಲ್ಲಿಂದ, ಯಾರಿಂದ, ಯಾವ ಅನುಮತಿಯೊಡನೆ ಬಂದಿತೆಂಬುದನ್ನು ತೋರಿಸುವ ದಾಖಲೆಯೇ ಆ ನಾಲ್ಕನೆಯ ಅಂಶ. ಒಂದೇ ಗುಣಮಟ್ಟದ ಎರಡು ಹಲಗೆಗಳ ಪೈಕಿ ದಾಖಲೆಯುಳ್ಳದ್ದು ವಿದೇಶದ ಮಳಿಗೆಯನ್ನು ಸೇರುತ್ತದೆ, ದಾಖಲೆಯಿಲ್ಲದ್ದು ಗೋದಾಮಿನಲ್ಲೇ ಉಳಿಯುತ್ತದೆ.

ದೊಡ್ಡ ಉದ್ಯಮಗಳಲ್ಲಿ ಇಂಥ ದಾಖಲೆಗಳನ್ನು ನೋಡಿಕೊಳ್ಳಲು ಪ್ರತ್ಯೇಕ ಸಿಬ್ಬಂದಿ ಇರುತ್ತಾರೆ. ನಾಲ್ಕೈದು ಮಂದಿ ಕುಶಲಕರ್ಮಿಗಳನ್ನಿಟ್ಟುಕೊಂಡು ಪೆಟ್ಟಿಗೆ, ಪೀಠೋಪಕರಣ, ಇನ್‌ಲೇ ಫಲಕಗಳನ್ನು ತಯಾರಿಸುವ ಸಣ್ಣ ಉದ್ಯಮಿಗೆ ಆ ಅನುಕೂಲವಿಲ್ಲ. ಅಂಥವರನ್ನು ಗಮನದಲ್ಲಿಟ್ಟುಕೊಂಡು ಈ ಮರಗಳ ಪರಿಚಯ, ಅವುಗಳ ಸಾಂಪ್ರದಾಯಿಕ ಬಳಕೆ, ಇಂದಿನ ನಿಯಮಗಳು ಮತ್ತು ಲೆಕ್ಕಪತ್ರದ ಕ್ರಮವನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಒಂದು ಕುಲ, ಹಲವು ದೇಶ

ಬೀಟೆಯು ಸಸ್ಯಶಾಸ್ತ್ರಜ್ಞರು ಡಾಲ್ಬರ್ಜಿಯಾ ಎಂದು ಕರೆಯುವ ಕುಲಕ್ಕೆ ಸೇರಿದೆ. ಸ್ವೀಡನ್ನಿನ ಡಾಲ್‌ಬರ್ಗ್ ಸಹೋದರರ ಗೌರವಾರ್ಥ 18ನೇ ಶತಮಾನದ ಉತ್ತರಾರ್ಧದಲ್ಲಿ ಕಿರಿಯ ಲಿನೇಯಸ್ ಈ ಹೆಸರನ್ನಿಟ್ಟನು. ನಮ್ಮ ಅವರೆ, ತೊಗರಿ, ಹೊಂಗೆಗಳಿರುವ ದ್ವಿದಳ ಸಸ್ಯಗಳ ಕುಟುಂಬವೇ ಇದರದೂ ಆಗಿದೆ. ಏಷ್ಯಾ, ಆಫ್ರಿಕಾ, ಮಡಗಾಸ್ಕರ್ ಮತ್ತು ಅಮೆರಿಕ ಖಂಡದ ಉಷ್ಣವಲಯಗಳಲ್ಲಿ ಈ ಕುಲದ 250ಕ್ಕೂ ಹೆಚ್ಚು ಪ್ರಭೇದಗಳಿವೆ. ಇವುಗಳಲ್ಲಿ ಪೊದೆಗಳೂ ಬಳ್ಳಿಗಳೂ ಸೇರಿವೆ. ಬೆಲೆಬಾಳುವ ನಾಟಾ ಕೊಡುವ ಮರಗಳು ಕೆಲವೇ.

ಭಾರತದ ಮಟ್ಟಿಗೆ ಎರಡು ಪ್ರಭೇದಗಳು ಮುಖ್ಯವಾದವು. ಮೊದಲನೆಯದು ಬೀಟೆ, ಶಾಸ್ತ್ರೀಯ ನಾಮ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡ ಹಾಗೂ ಮೈಸೂರು ಸೀಮೆಯ ಕಾಡುಗಳು ಇದರ ನೆಲೆ. ಇಂಡೊನೇಷ್ಯದ ಜಾವಾ ದ್ವೀಪದಲ್ಲಿ ಬೆಳೆಯುವ ಇದೇ ಮರ ಸೊನೊಕೆಲಿಂಗ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಎರಡನೆಯದು ಉತ್ತರ ಭಾರತದ ಶೀಶಮ್, ಅಂದರೆ ಡಾಲ್ಬರ್ಜಿಯಾ ಸಿಸ್ಸೂ. ವಾಲ್ಮೀಕಿ ರಾಮಾಯಣದಲ್ಲಿ ಹನುಮಂತನು ಅಶೋಕವನದಲ್ಲಿ ಮರೆಯಾಗಿ ಕುಳಿತು ಸೀತೆಯನ್ನು ಕಂಡ ಶಿಂಶುಪಾ ವೃಕ್ಷವನ್ನು ಸಾಮಾನ್ಯವಾಗಿ ಶೀಶಮ್ ಎಂದೇ ಗುರುತಿಸಲಾಗುತ್ತದೆ.

ಕೊಯ್ಯುವಾಗ ಹೊಮ್ಮುವ ನವಿರಾದ ಪರಿಮಳದಿಂದ ಈ ಕುಲದ ಹಲವು ಮರಗಳಿಗೆ ರೋಸ್‌ವುಡ್ ಎಂಬ ಹೆಸರು ಬಂದಿದೆ. ಗುಲಾಬಿ ಗಿಡಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಬೀಟೆಯ ಚೇಗು ಹೊಂಬಣ್ಣದ ಕಂದಿನಿಂದ ಹಿಡಿದು ನೇರಳೆ ಛಾಯೆಯ ಕಪ್ಪಿನವರೆಗೆ ಇದ್ದು, ನಡುವೆ ಕಪ್ಪು ಗೆರೆಗಳು ಹರಿದಿರುತ್ತವೆ. ಒಣಗಿದ ಬೀಟೆಯು ಘನ ಮೀಟರಿಗೆ ಸುಮಾರು 850 ಕಿಲೋ ತೂಗುತ್ತದೆ. ಈ ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಲೆಕ್ಕ ಹಾಕುವಾಗ ಇದರ ಅಗತ್ಯ ಬೀಳುತ್ತದೆ.

ಸಾಂಪ್ರದಾಯಿಕ ಬಳಕೆ

ಗಟ್ಟಿತನ, ಗೆದ್ದಲಿಗೆ ಸುಲಭವಾಗಿ ಬಗ್ಗದ ಗುಣ, ಉಜ್ಜಿದಷ್ಟೂ ಹೊಳಪು ಕೊಡುವ ಮೈ ಮತ್ತು ಒಮ್ಮೆ ಒಣಗಿದ ಮೇಲೆ ಸೊಟ್ಟಗಾಗದ ಸ್ಥಿರತೆ ಈ ಮರಗಳ ವಿಶೇಷ. ಆದ್ದರಿಂದ ನಮ್ಮ ನಾಡಿನಲ್ಲಿ ಬೀಟೆಯು ಗಾಡಿಯ ಚಕ್ರ, ಕೃಷಿ ಸಲಕರಣೆ, ಬಾಗಿಲು, ಮಂಚ, ಪೆಟ್ಟಿಗೆಗಳಿಗೆ ಬಳಕೆಯಾಯಿತು. 19ನೇ ಶತಮಾನದಲ್ಲಿ ಮುಂಬಯಿಯಲ್ಲಿ ತಯಾರಾಗುತ್ತಿದ್ದ ದಟ್ಟ ಕೆತ್ತನೆಯ ಬೀಟೆ ಪೀಠೋಪಕರಣಗಳನ್ನು ಇಂಗ್ಲಿಷ್ ವರ್ತಕರು ‘ಬಾಂಬೆ ಬ್ಲ್ಯಾಕ್‌ವುಡ್’ ಎಂದು ಕರೆದರು. ಉತ್ತರದಲ್ಲಿ ಸಹಾರನಪುರದ ಕೆತ್ತನೆ ಮತ್ತು ಪಂಜಾಬಿನ ಹೋಶಿಯಾರ್‌ಪುರದ ಇನ್‌ಲೇ ಕೆಲಸ ಶೀಶಮ್ ಮರವನ್ನು ಆಧರಿಸಿ ಬೆಳೆದವು.

ಹೊರದೇಶಗಳಲ್ಲಿಯೂ ಇದೇ ಕುಲದ ಮರಗಳು ಆಯಾ ನಾಡಿನ ಕಸುಬುಗಳಿಗೆ ಆಧಾರವಾಗಿವೆ. ಟಾಂಜಾನಿಯಾದಲ್ಲಿ ಮ್ಪಿಂಗೊ ಎಂದು ಕರೆಯುವ ಡಾಲ್ಬರ್ಜಿಯಾ ಮೆಲನಾಕ್ಸಿಲಾನ್ ನೀರಿನಲ್ಲಿ ಮುಳುಗುವಷ್ಟು ಭಾರವಾದ ಕಪ್ಪು ಮರ. ಮಕೊಂಡೆ ಜನಾಂಗದ ಶಿಲ್ಪಗಳೂ ಪಾಶ್ಚಾತ್ಯ ವಾದ್ಯವೃಂದದ ಕ್ಲಾರಿನೆಟ್ಟುಗಳೂ ಇದರಿಂದಲೇ ಆಗುತ್ತವೆ. ಚೀನಾದ ಹೈನಾನ್ ದ್ವೀಪದ ಡಾಲ್ಬರ್ಜಿಯಾ ಒಡೊರಿಫೆರಾ ಮಿಂಗ್ ಕಾಲದ ಪೀಠೋಪಕರಣಗಳ ಕೀರ್ತಿಗೆ ಕಾರಣವಾಯಿತು. ಬ್ರೆಜಿಲಿನ ಡಾಲ್ಬರ್ಜಿಯಾ ನೈಗ್ರಾ ಪಿಯಾನೊ, ಗಿಟಾರ್‌ಗಳಿಗೆ ಬಳಕೆಯಾಗುತ್ತಿತ್ತು. 1960ರ ದಶಕದ ಕೊನೆಯಲ್ಲಿ ಬ್ರೆಜಿಲ್ ತನ್ನ ದಿಮ್ಮಿಗಳ ರಫ್ತನ್ನು ನಿರ್ಬಂಧಿಸಿದಾಗ ಅಮೆರಿಕದ ಗಿಟಾರ್ ತಯಾರಕರು ಭಾರತದ ಬೀಟೆಯತ್ತ ತಿರುಗಿದರು. ಅಂದಿನಿಂದ ನಮ್ಮ ಬೀಟೆಯು ಉತ್ತಮ ಗಿಟಾರುಗಳ ಬೆನ್ನು ಹಾಗೂ ಪಕ್ಕೆಗಳಿಗೆ ಪ್ರಮುಖ ಮರವಾಗಿ ನೆಲೆಗೊಂಡಿದೆ.

ಮೈಸೂರಿನ ಇನ್‌ಲೇ ಕಲೆ ಕಲಿಸಿದ ಪಾಠ

ಕರ್ನಾಟಕದಲ್ಲಿ ಬೀಟೆಯ ಮೌಲ್ಯವನ್ನು ಅತಿ ಹೆಚ್ಚಿಸಿದ ಕಸುಬು ಮೈಸೂರಿನ ಇನ್‌ಲೇ ಕಲೆ. ಬೀಟೆಯ ಫಲಕದ ಮೇಲೆ ಚಿತ್ರವನ್ನು ಮೂಡಿಸಿಕೊಂಡು, ಆ ಆಕಾರಕ್ಕೆ ಸರಿಯಾಗಿ ಮರವನ್ನು ತೋಡಿ, ಬೇರೆ ಬಣ್ಣದ ಚೂರುಗಳನ್ನು ಸಣ್ಣ ಗರಗಸದಿಂದ ಕತ್ತರಿಸಿ ಅಂಟಿನಿಂದ ಹುದುಗಿಸುತ್ತಾರೆ. ಬಳಿಕ ಉಜ್ಜಿ ಸಮಗೊಳಿಸಿ ಮೆರುಗು ಕೊಡುತ್ತಾರೆ. 1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯ ಅಂಬಾವಿಲಾಸದಲ್ಲಿರುವ, ದಂತ ಹುದುಗಿಸಿದ ಬೀಟೆಯ ಬಾಗಿಲು ಈ ಕಲೆಯ ಶ್ರೇಷ್ಠ ಮಾದರಿ. ‘ಮೈಸೂರು ರೋಸ್‌ವುಡ್ ಇನ್‌ಲೇ’ ಎಂಬ ಹೆಸರಿಗೆ ಭೌಗೋಳಿಕ ಸೂಚಿಕೆಯ ನೋಂದಣಿಯೂ ದೊರೆತಿದೆ.

ಈ ಕಸುಬು ಒಮ್ಮೆ ಕಚ್ಚಾವಸ್ತುವನ್ನು ಕಳೆದುಕೊಂಡು ಬದುಕಿ ಬಂದಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಆದ ತಿದ್ದುಪಡಿಯು ಭಾರತೀಯ ದಂತದ ವ್ಯಾಪಾರವನ್ನೂ 1991ರ ತಿದ್ದುಪಡಿಯು ಆಮದಾದ ಆಫ್ರಿಕಾದ ದಂತದ ವ್ಯಾಪಾರವನ್ನೂ ನಿಷೇಧಿಸಿದವು. ಕುಶಲಕರ್ಮಿಗಳು ದಂತದ ಜಾಗದಲ್ಲಿ ಪ್ಲಾಸ್ಟಿಕ್ಕನ್ನೂ ಬೇರೆ ಬೇರೆ ಬಣ್ಣದ ಮರಗಳ ಚೂರುಗಳನ್ನೂ ಬಳಸತೊಡಗಿದರು, ಕಲೆ ಉಳಿಯಿತು. ದಂತಕ್ಕೆ ಬದಲಿ ವಸ್ತು ಇತ್ತು, ಬೀಟೆಗೆ ಬದಲಿಯಿಲ್ಲ. ಹಿನ್ನೆಲೆಯ ಆ ಕಪ್ಪು ನೇರಳೆ ಬಣ್ಣವೇ ಇಲ್ಲವಾದರೆ ಹೆಸರಿಗೂ ಕಲೆಗೂ ಅರ್ಥವುಳಿಯದು. ಆದ್ದರಿಂದ ಬೀಟೆಯ ನಿಯಮಗಳನ್ನು ತಿಳಿದು ಪಾಲಿಸುವುದು ಈ ಕಸುಬಿನ ಉಳಿವಿನ ಪ್ರಶ್ನೆಯೇ ಆಗಿದೆ.

ನಿರ್ಬಂಧಗಳು ಬಂದ ಬಗೆ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಈ ಮರಗಳಿಗೆ ಚೆನ್ನಾಗಿ ಒಪ್ಪುತ್ತದೆ. ಬೀಟೆಯಲ್ಲಿ ಒಳ್ಳೆಯ ಚೇಗು ಕೂಡಲು ಹಲವು ದಶಕಗಳು ಬೇಕು, ಗರಗಸಕ್ಕೆ ಅರ್ಧ ದಿನ ಸಾಕು. ಈ ಶತಮಾನದ ಆರಂಭದಿಂದ ಚೀನಾದಲ್ಲಿ ಸಾಂಪ್ರದಾಯಿಕ ಶೈಲಿಯ ಕೆಂಪು ಮರದ ಪೀಠೋಪಕರಣಗಳಿಗೆ ಬೇಡಿಕೆ ಏರಿದಂತೆ ಥಾಯ್ಲೆಂಡ್, ಕಾಂಬೋಡಿಯ, ಮಡಗಾಸ್ಕರ್ ಮೊದಲಾದ ದೇಶಗಳ ಕಾಡುಗಳಲ್ಲಿ ಅಕ್ರಮ ಕಡಿತ ಹೆಚ್ಚಿತು. 2005ರಿಂದ 2014ರವರೆಗೆ ಜಗತ್ತಿನಾದ್ಯಂತ ವಶಪಡಿಸಿಕೊಂಡ ಅಕ್ರಮ ವನ್ಯಜೀವಿ ಹಾಗೂ ಸಸ್ಯ ಸರಕುಗಳ ಮೌಲ್ಯದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಪಾಲು ರೋಸ್‌ವುಡ್ಡಿನದೆಂದು ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ತಡೆ ಕಚೇರಿಯ 2016ರ ವರದಿ ಅಂದಾಜಿಸಿತು. ಆನೆದಂತ ಮತ್ತು ಖಡ್ಗಮೃಗದ ಕೊಂಬುಗಳ ಪಾಲೂ ಇದಕ್ಕಿಂತ ಕಡಿಮೆಯಿತ್ತು.

ಇಂಥ ವ್ಯಾಪಾರವನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದವನ್ನು ಸಂಕ್ಷೇಪವಾಗಿ ಸೈಟೀಸ್ ಎನ್ನುತ್ತಾರೆ. 1973ರಲ್ಲಿ ರೂಪುಗೊಂಡ ಈ ಒಪ್ಪಂದಕ್ಕೆ ಭಾರತವು 1976ರಿಂದ ಸದಸ್ಯ ರಾಷ್ಟ್ರ. ಇದರ ಮೊದಲನೆಯ ಅನುಬಂಧದಲ್ಲಿರುವ ಪ್ರಭೇದಗಳ ವಾಣಿಜ್ಯ ವ್ಯಾಪಾರಕ್ಕೆ ಅವಕಾಶವೇ ಇಲ್ಲ. ಎರಡನೆಯ ಅನುಬಂಧದಲ್ಲಿರುವವುಗಳನ್ನು ಅನುಮತಿ ಪತ್ರದೊಡನೆ ವ್ಯಾಪಾರ ಮಾಡಬಹುದು. ಬ್ರೆಜಿಲಿನ ಪ್ರಭೇದ 1992ರಲ್ಲೇ ಮೊದಲನೆಯ ಅನುಬಂಧ ಸೇರಿತು. 2013ರಲ್ಲಿ ಥಾಯ್ಲೆಂಡಿನ ಪ್ರಭೇದ, ಮಧ್ಯ ಅಮೆರಿಕದ ಕೆಲವು ಪ್ರಭೇದಗಳು ಮತ್ತು ಮಡಗಾಸ್ಕರಿನ ಡಾಲ್ಬರ್ಜಿಯಾ ಮರಗಳು ಎರಡನೆಯ ಅನುಬಂಧಕ್ಕೆ ಬಂದವು. ಕೊಯ್ದ ಹಲಗೆಯನ್ನು ನೋಡಿ ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರ್ಪಡಿಸುವುದು ಸುಂಕದ ಅಧಿಕಾರಿಗಳಿಗೆ ಕಷ್ಟ. ಆದ್ದರಿಂದ 2016ರ ಜೊಹಾನ್ಸ್‌ಬರ್ಗ್ ಸಮ್ಮೇಳನದಲ್ಲಿ ಉಳಿದ ಇಡೀ ಕುಲವನ್ನೇ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. ಈ ನಿರ್ಣಯ 2017ರ ಜನವರಿ 2ರಂದು ಜಾರಿಗೆ ಬಂದಿತು.

ಪರಿಣಾಮವಾಗಿ, ಹೊಲದ ಬದುವಿನಲ್ಲಿಯೂ ಕಾಲುವೆಯ ದಂಡೆಯಲ್ಲಿಯೂ ಹೇರಳವಾಗಿ ಬೆಳೆಯುವ ಶೀಶಮ್ ಸಹ ನಿರ್ಬಂಧಕ್ಕೊಳಗಾಯಿತು. ವರ್ಷಕ್ಕೆ ಅಂದಾಜು 1,000 ಕೋಟಿ ರೂಪಾಯಿಗಳಷ್ಟಿದ್ದ ಶೀಶಮ್ ಪೀಠೋಪಕರಣ ಹಾಗೂ ಕರಕುಶಲ ವಸ್ತುಗಳ ರಫ್ತು 500ರಿಂದ 600 ಕೋಟಿಗೆ ಇಳಿಯಿತೆಂದೂ ಸುಮಾರು 50,000 ಕುಶಲಕರ್ಮಿಗಳ ಜೀವನೋಪಾಯಕ್ಕೆ ಧಕ್ಕೆಯಾಯಿತೆಂದೂ ಕೇಂದ್ರ ಸರ್ಕಾರ 2022ರಲ್ಲಿ ತಿಳಿಸಿತು.

ಹತ್ತು ಕಿಲೋದ ಲೆಕ್ಕ

2019ರ ಜಿನೀವಾ ಸಮ್ಮೇಳನದಲ್ಲಿ ಎರಡು ಸಡಿಲಿಕೆಗಳು ದೊರೆತವು. ಪೂರ್ಣವಾಗಿ ಸಿದ್ಧಗೊಂಡ ಸಂಗೀತ ವಾದ್ಯಗಳು, ಅವುಗಳ ಸಿದ್ಧ ಭಾಗಗಳು ಮತ್ತು ಉಪಾಂಗಗಳಿಗೆ ವಿನಾಯಿತಿ ಬಂದಿತು. ಇತರ ಸಿದ್ಧ ವಸ್ತುಗಳಿಗೆ ಒಂದು ರವಾನೆಯಲ್ಲಿ 10 ಕಿಲೋ ಮರದವರೆಗೆ ವಿನಾಯಿತಿ ದೊರೆಯಿತು. ಆದರೆ ಇಪ್ಪತ್ತು ಪುಟ್ಟ ಪೆಟ್ಟಿಗೆಗಳನ್ನು ಒಟ್ಟಿಗೆ ಕಳುಹಿಸಿದರೆ ಒಟ್ಟು ತೂಕ 10 ಕಿಲೋ ಮೀರುತ್ತಿದ್ದುದರಿಂದ ಸಣ್ಣ ರಫ್ತುದಾರರಿಗೆ ಹೆಚ್ಚಿನ ಪ್ರಯೋಜನವಾಗಲಿಲ್ಲ. ಭಾರತವು ಈ ವಿಷಯವನ್ನು 2022ರ ನವೆಂಬರ್‌ನಲ್ಲಿ ಪನಾಮಾ ಸಮ್ಮೇಳನದ ಮುಂದಿಟ್ಟಿತು. ಒಂದೊಂದು ವಸ್ತುವಿನ ತೂಕ 10 ಕಿಲೋಗಿಂತ ಕಡಿಮೆಯಿದ್ದರೆ ಅಂಥ ಎಷ್ಟು ವಸ್ತುಗಳನ್ನಾದರೂ ಒಂದೇ ರವಾನೆಯಲ್ಲಿ ಸೈಟೀಸ್ ಅನುಮತಿಯಿಲ್ಲದೆ ಕಳುಹಿಸಬಹುದೆಂದೂ, ತೂಕ ಮಾಡುವಾಗ ಮರವನ್ನಷ್ಟೇ ಗಣಿಸಿ ಲೋಹ ಮುಂತಾದವನ್ನು ಬಿಡಬೇಕೆಂದೂ ಅಲ್ಲಿ ಸ್ಪಷ್ಟಪಡಿಸಲಾಯಿತು.

ಹತ್ತು ಕಿಲೋ ಬೀಟೆ ಎಂದರೆ ಎಷ್ಟು? ಘನ ಮೀಟರಿಗೆ 850 ಕಿಲೋ ಎಂಬ ಲೆಕ್ಕದಲ್ಲಿ ಒಂದು ಅಂಗುಲ ದಪ್ಪದ ಹಲಗೆಯು ಚದರ ಅಡಿಗೆ ಸುಮಾರು 2 ಕಿಲೋ ತೂಗುತ್ತದೆ. ಅಂದರೆ ಹತ್ತು ಕಿಲೋಗೆ ಐದು ಚದರ ಅಡಿ. ಆಭರಣದ ಪೆಟ್ಟಿಗೆ, ಚದುರಂಗದ ಮಣೆ, ಗೋಡೆಗೆ ತೂಗುಹಾಕುವ ಇನ್‌ಲೇ ಫಲಕ ಇವೆಲ್ಲ ಈ ಮಿತಿಯೊಳಗೆ ಬರುತ್ತವೆ. ಚಿಕ್ಕ ಟೀಪಾಯಿ ಮಿತಿಯ ಅಂಚಿನಲ್ಲಿರುತ್ತದೆ. ಊಟದ ಮೇಜು, ಬಾಗಿಲು, ಸೋಫಾ ಮಿತಿಯನ್ನು ಮೀರುತ್ತವೆ. ವಿನ್ಯಾಸದ ಹಂತದಲ್ಲೇ ಈ ಲೆಕ್ಕವನ್ನು ಹಾಕಿಕೊಳ್ಳುವುದು ಜಾಣತನ. ಅಗ್ಗದ ಮರದ ಅಡಿಪಾಯದ ಮೇಲೆ ಬೀಟೆಯ ತೆಳುಹಾಳೆಯನ್ನು ಹೊದಿಸಿದರೆ ಬೀಟೆಯ ತೂಕ ಗಣನೀಯವಾಗಿ ಇಳಿಯುತ್ತದೆ. ಆದರೆ ಖರೀದಿದಾರನಿಗೆ ಅದನ್ನು ಇಡೀ ಬೀಟೆಯೆಂದು ಹೇಳಿ ಮಾರಬಾರದು, ಬಿಲ್ಲಿನಲ್ಲಿ ಇದ್ದುದನ್ನು ಇದ್ದಂತೆ ಬರೆಯಬೇಕು.

ಮಿತಿ ಮೀರಿದ ವಸ್ತುಗಳ ರಫ್ತಿಗೂ ದಾರಿಯಿದೆ. ಕರಕುಶಲ ವಸ್ತುಗಳ ರಫ್ತು ಉತ್ತೇಜನ ಮಂಡಳಿಯು ‘ವೃಕ್ಷ್’ ಎಂಬ ಯೋಜನೆಯಡಿ ಮರದ ಕಾನೂನುಬದ್ಧ ಮೂಲವನ್ನು ಪರಿಶೀಲಿಸಿ ಶೀಶಮ್ ಹಾಗೂ ಬೀಟೆಯ ವಸ್ತುಗಳ ರವಾನೆಗೆ ಪ್ರಮಾಣಪತ್ರ ನೀಡುತ್ತದೆ. ಈ ಪ್ರಮಾಣಪತ್ರಕ್ಕೆ ಆಧಾರ ನಮ್ಮದೇ ಖರೀದಿ ದಾಖಲೆಗಳು ಎಂಬುದನ್ನು ಮರೆಯಲಾಗದು. ಸೈಟೀಸ್ ಸಮ್ಮೇಳನಗಳು ಕೆಲವು ವರ್ಷಗಳಿಗೊಮ್ಮೆ ಸೇರಿ ನಿಯಮಗಳನ್ನು ಪರಿಷ್ಕರಿಸುತ್ತವೆ. ಆದ್ದರಿಂದ ಪ್ರತಿ ದೊಡ್ಡ ಆದೇಶವನ್ನು ಒಪ್ಪಿಕೊಳ್ಳುವ ಮೊದಲು ಮಂಡಳಿಯಲ್ಲಿ ವಿಚಾರಿಸುವುದು ಕ್ಷೇಮ.

ಒಳನಾಡಿನ ನಿಯಮಗಳು

ರಫ್ತು ಮಾಡದವರಿಗೂ ಕಾಗದದ ಹೊಣೆ ತಪ್ಪಿದ್ದಲ್ಲ. ಕರ್ನಾಟಕದಲ್ಲಿ ಸ್ವಂತ ಜಮೀನಿನಲ್ಲಿರುವ ಬೀಟೆಯನ್ನು ಕಡಿಯಲೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯನ್ವಯ ವೃಕ್ಷ ಅಧಿಕಾರಿಯ ಪೂರ್ವಾನುಮತಿ ಬೇಕು. ಕೊಡಗಿನ ಬಾಣೆ ಜಮೀನುಗಳಲ್ಲಿ ಮರದ ಹಕ್ಕು ಜಮೀನಿನ ಹಕ್ಕಿನಿಂದ ಬೇರೆಯಾಗಿರಬಹುದು. ಸರ್ಕಾರಕ್ಕೆ ಮರದ ಮೌಲ್ಯವನ್ನು ಪಾವತಿಸದಿರುವ ಜಮೀನಿನ ಒಡೆಯ ಮಾರಿದ ಮರವನ್ನು ಕೊಂಡವನೂ ತೊಂದರೆಗೆ ಸಿಲುಕುತ್ತಾನೆ. ದಿಮ್ಮಿ ಚಲಿಸಬೇಕಾದರೆ ಅರಣ್ಯ ಇಲಾಖೆಯ ರಹದಾರಿ ಪರವಾನಗಿ ಇರಬೇಕು. ಸರಕು ಮತ್ತು ಸೇವಾ ತೆರಿಗೆಯ ಇ-ವೇ ಬಿಲ್ಲು ಈ ಪರವಾನಗಿಗೆ ಪರ್ಯಾಯವಲ್ಲ. ಒಂದು ತೆರಿಗೆಗೆ ಸಂಬಂಧಿಸಿದ್ದು, ಇನ್ನೊಂದು ಮರದ ಮೂಲಕ್ಕೆ ಸಂಬಂಧಿಸಿದ್ದು.

ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯ ಮೂಲಕ ಸೈಟೀಸ್ ನಿಯಮಗಳು ನಮ್ಮ ದೇಶದ ಕಾಯ್ದೆಯೊಳಗೇ ಬಂದವು. ಇದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದ್ದರಿಂದ ನಿಯಮಬಾಹಿರ ರಫ್ತು ಈಗ ಸುಂಕದ ಇಲಾಖೆಯೊಂದಕ್ಕೇ ಸಂಬಂಧಿಸಿದ ವಿಷಯವಾಗಿ ಉಳಿದಿಲ್ಲ.

ಸುಂಕದ ಶೀರ್ಷಿಕೆಯ ಆಯ್ಕೆಯೂ ಅಷ್ಟೇ ಮುಖ್ಯ. 6 ಮಿಲಿಮೀಟರ್ ಮೀರಿದ ದಪ್ಪದ ಕೊಯ್ದ ಮರ 4407ನೆಯ ಶೀರ್ಷಿಕೆಗೂ, 6 ಮಿಲಿಮೀಟರ್ ಮೀರದ ತೆಳುಹಾಳೆ 4408ನೆಯ ಶೀರ್ಷಿಕೆಗೂ, ವಾದ್ಯಗಳ ಭಾಗಗಳು 9209ನೆಯ ಶೀರ್ಷಿಕೆಗೂ ಸೇರುತ್ತವೆ. ದಿಮ್ಮಿ ಹಾಗೂ ಕೊಯ್ದ ದೇಶೀಯ ಮರದ ರಫ್ತನ್ನು ನಮ್ಮ ವಿದೇಶ ವ್ಯಾಪಾರ ನೀತಿ ನಿರ್ಬಂಧಿಸಿರುವುದರಿಂದ ಈ ಭೇದ ಕೇವಲ ಸುಂಕದ ದರಕ್ಕೆ ಸಂಬಂಧಿಸಿದ್ದಲ್ಲ. 2011ರ ಆಗಸ್ಟ್‌ನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಎಂಬ ಪ್ರಸಿದ್ಧ ಗಿಟಾರ್ ಸಂಸ್ಥೆಯ ಕಾರ್ಖಾನೆಗಳನ್ನು ಶೋಧಿಸಿ ಭಾರತದಿಂದ ಹೋಗಿದ್ದ ಬೀಟೆ ಮತ್ತು ಎಬೊನಿ ಪಟ್ಟಿಗಳನ್ನು ವಶಪಡಿಸಿಕೊಂಡಾಗ ವಾದ ನಡೆದದ್ದು ಈ ಶೀರ್ಷಿಕೆಗಳ ಕುರಿತಾಗಿಯೇ. ಬೇರೆ ದೇಶದ ಕಾನೂನನ್ನು ಮೀರಿ ಬಂದ ಮರವನ್ನು ಇಟ್ಟುಕೊಳ್ಳುವುದು ಅಮೆರಿಕದ ಲೇಸಿ ಕಾಯ್ದೆಯ 2008ರ ತಿದ್ದುಪಡಿಯಂತೆ ಅಪರಾಧ. 2012ರ ಆಗಸ್ಟ್‌ನಲ್ಲಿ ಮಡಗಾಸ್ಕರಿನ ಎಬೊನಿಯೂ ಸೇರಿದ್ದ ಈ ಪ್ರಕರಣವು 3,00,000 ಡಾಲರ್ ದಂಡದ ಒಪ್ಪಂದದಲ್ಲಿ ಮುಗಿಯಿತು. ಭಾರತದ ಪಟ್ಟಿಗಳ ಶೀರ್ಷಿಕೆಯ ಕುರಿತು ಗೊಂದಲಗಳಿವೆಯೆಂದು ಆ ಒಪ್ಪಂದದಲ್ಲೇ ಒಪ್ಪಿಕೊಳ್ಳಲಾಯಿತು. ಗೊಂದಲವು ಭಾರತದ ನಿಯಮದಲ್ಲಿದ್ದರೂ ಶೋಧ ನಡೆದದ್ದು ಖರೀದಿದಾರನ ಕಾರ್ಖಾನೆಯಲ್ಲಿ. ಅಂದಿನಿಂದ ವಿದೇಶಿ ಖರೀದಿದಾರರು ನಮ್ಮ ಸಣ್ಣ ತಯಾರಕರಿಂದಲೂ ಹೆಚ್ಚಿನ ದಾಖಲೆಗಳನ್ನು ಕೇಳುವುದರಲ್ಲಿ ಆಶ್ಚರ್ಯವಿಲ್ಲ.

ಮೂರು ಪುಸ್ತಕಗಳು

ಇಷ್ಟೆಲ್ಲ ನಿಯಮಗಳನ್ನು ಸಣ್ಣ ಉದ್ಯಮಿ ನಿಭಾಯಿಸುವುದು ಹೇಗೆ? ಮೂರು ಪುಸ್ತಕಗಳನ್ನು ಕ್ರಮವಾಗಿ ಇಟ್ಟರೆ ಸಾಕೆಂಬುದು ನನ್ನ ವೃತ್ತಿಯ ಅನುಭವ.

ಮೊದಲನೆಯದು ಖರೀದಿ ಪುಸ್ತಕ. ಪ್ರತಿ ಖರೀದಿಗೂ ಒಂದು ಸಂಖ್ಯೆ ಕೊಟ್ಟು, ಹರಾಜಿನ ಬಿಲ್ಲು, ರಹದಾರಿ ಪರವಾನಗಿಯ ಸಂಖ್ಯೆ, ದಿಮ್ಮಿಯ ಮೇಲಿನ ಸುತ್ತಿಗೆ ಮುದ್ರೆ, ಘನ ಅಳತೆ ಮತ್ತು ಮರದ ಶಾಸ್ತ್ರೀಯ ನಾಮವನ್ನು ಬರೆಯಬೇಕು. ‘ರೋಸ್‌ವುಡ್’ ಎಂದಷ್ಟೇ ಬರೆದರೆ ಸಾಲದು. ಬೇರೆ ಕುಲಗಳ ಮರಗಳೂ ಪೇಟೆಯಲ್ಲಿ ಆ ಹೆಸರಿನಿಂದ ಓಡಾಡುತ್ತವೆ. ಅನುಮಾನವಿದ್ದಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರವನ್ನು ಗುರುತಿಸಿಕೊಡುವ ಸೌಲಭ್ಯವಿದೆ. ಸರ್ಕಾರಿ ಡಿಪೋದ ಖರೀದಿಗೆ ಇನ್ನೊಂದು ಅನುಕೂಲವುಂಟು. ನಾಟಾ ಮಾರಾಟದ ಮೇಲೆ ಮೂಲದಲ್ಲೇ ಸಂಗ್ರಹಿಸುವ ಆದಾಯ ತೆರಿಗೆಯು ಖರೀದಿದಾರನ ತೆರಿಗೆ ಖಾತೆಯಲ್ಲಿ ದಾಖಲಾಗುತ್ತದೆ. ಉತ್ಪಾದನೆಗೆಂದು ಘೋಷಣಾಪತ್ರ ಕೊಟ್ಟು ವಿನಾಯಿತಿ ಪಡೆದವರು ಆ ಪತ್ರದ ಪ್ರತಿಯನ್ನು ಜೋಪಾನವಾಗಿಡಬೇಕು. ಎರಡೂ ಕಾನೂನುಬದ್ಧ ಖರೀದಿಗೆ ಪೂರಕ ಸಾಕ್ಷ್ಯಗಳೇ.

ಎರಡನೆಯದು ಪರಿವರ್ತನೆಯ ಪುಸ್ತಕ. ದಿಮ್ಮಿಯಿಂದ ಹಲಗೆ, ಹಲಗೆಯಿಂದ ಬಿಡಿಭಾಗ, ಉಳಿದ ತುಂಡು ಮತ್ತು ಹೊಟ್ಟು ಇವೆಲ್ಲ ಖರೀದಿಯ ಸಂಖ್ಯೆಯೊಡನೆ ಇಲ್ಲಿ ದಾಖಲಾಗಬೇಕು. ಮೂರನೆಯದು ರವಾನೆಯ ಪುಸ್ತಕ. ಯಾವ ವಸ್ತು, ಅದರಲ್ಲಿ ಬೀಟೆಯ ತೂಕವೆಷ್ಟು, ಯಾವ ಖರೀದಿಯ ಮರ, ಯಾವ ಬಿಲ್ಲಿನಲ್ಲಿ ಹೋಯಿತು ಎಂಬಷ್ಟು ವಿವರ ಸಾಕು.

ಒಂದು ಉದಾಹರಣೆಯನ್ನು ನೋಡೋಣ. ಒಬ್ಬ ತಯಾರಕ 1 ಘನ ಮೀಟರ್ ಬೀಟೆ ಕೊಂಡು ಕೊಯ್ಯಿಸಿದಾಗ 0.60 ಘನ ಮೀಟರ್ ಹಲಗೆ ದೊರೆಯಿತೆಂದಿಟ್ಟುಕೊಳ್ಳೋಣ. ಅದರ ತೂಕ ಸುಮಾರು 510 ಕಿಲೋ. ವರ್ಷಾಂತ್ಯಕ್ಕೆ ರವಾನೆಯ ಪುಸ್ತಕದಲ್ಲಿ 380 ಕಿಲೋ, ಗೋದಾಮಿನಲ್ಲಿ 70 ಕಿಲೋ, ತುಂಡು ಮತ್ತು ಹೊಟ್ಟಿನ ಲೆಕ್ಕದಲ್ಲಿ 60 ಕಿಲೋ ಇದ್ದರೆ ಲೆಕ್ಕ ಸರಿಹೋಯಿತು. ಹಾಗಲ್ಲದೆ ರವಾನೆಯೇ 600 ಕಿಲೋ ಆಗಿದ್ದರೆ ಉಳಿದ 90 ಕಿಲೋ ಎಲ್ಲಿಂದ ಬಂದಿತೆಂದು ಅಧಿಕಾರಿ ಕೇಳುತ್ತಾನೆ. ಈ ಪ್ರಶ್ನೆಯನ್ನು ಅವನು ಕೇಳುವ ಮೊದಲೇ ನಮ್ಮ ಪುಸ್ತಕ ನಮ್ಮನ್ನು ಕೇಳಬೇಕು. ಮೂರು ಪುಸ್ತಕಗಳ ಉದ್ದೇಶ ಇದೇ.

ದಾಖಲೆಯಿಲ್ಲದ ಹಳೆಯ ಸರಕು

ಪರಂಪರೆಯಿಂದ ಬಂದ ಉದ್ಯಮಗಳಲ್ಲಿ ಒಂದು ಕಠಿಣ ಸಮಸ್ಯೆಯಿದೆ. ತಂದೆಯ ಕಾಲದಲ್ಲಿ ಕೊಂಡ ಒಳ್ಳೆಯ ಹಲಗೆಗಳು ಅಟ್ಟದಲ್ಲಿರುತ್ತವೆ, ಬಿಲ್ಲುಗಳು ಕಳೆದುಹೋಗಿರುತ್ತವೆ. ನನಗೆ ಪರಿಚಿತರಾದ ಉದ್ಯಮಿಯೊಬ್ಬರು ಇಂಥ ಸರಕನ್ನು ಬ್ಯಾಂಕಿಗೆ ಅಡಮಾನವಾಗಿ ತೋರಿಸಿ ದುಡಿಮೆ ಬಂಡವಾಳ ಪಡೆಯುತ್ತಿದ್ದರು. ವಿದೇಶಿ ಖರೀದಿದಾರ ಮೂಲದ ದಾಖಲೆ ಕೇಳಿದಾಗ ಕೊಡಲಾಗದೆ ಆದೇಶ ರದ್ದಾಯಿತು. ಆಗ ಪ್ರಶ್ನೆ ಆದೇಶದ ನಷ್ಟಕ್ಕೆ ನಿಲ್ಲಲಿಲ್ಲ, ಸರಕಿನ ಮೌಲ್ಯಕ್ಕೇ ಬಂದಿತು.

ದಾಸ್ತಾನನ್ನು ಅದರ ವೆಚ್ಚ ಅಥವಾ ಮಾರಿದರೆ ನಿವ್ವಳವಾಗಿ ಕೈಸೇರುವ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕೆಂಬುದು ಲೆಕ್ಕಪತ್ರ ಮಾನದಂಡದ ನಿಯಮ. ರಫ್ತು ಮಾಡಲಾಗದ, ಸಾಗಿಸಲೂ ಕಷ್ಟವಾದ ಮರಕ್ಕೆ ಪೇಟೆಯ ಬೆಲೆ ಹಾಕುವಂತಿಲ್ಲ. ಬೆಲೆ ತಗ್ಗಿಸಿದರೆ ಬ್ಯಾಂಕಿನಿಂದ ತೆಗೆಯಬಹುದಾದ ಹಣವೂ ತಗ್ಗುತ್ತದೆ. ಈ ಕಾರಣದಿಂದಲೇ ಕಾಗದಕ್ಕೂ ಬೆಲೆಯುಂಟೆಂದು ಶೀರ್ಷಿಕೆಯಲ್ಲಿ ಹೇಳಿದ್ದು.

ಇಂಥ ಸರಕುಳ್ಳವರು ಈಗಲೇ ಅದನ್ನು ಅಳೆದು, ಪಟ್ಟಿ ಮಾಡಿ, ಛಾಯಾಚಿತ್ರ ತೆಗೆದು, ಹಳೆಯ ಆಯವ್ಯಯ ಪಟ್ಟಿ, ಬ್ಯಾಂಕಿನ ದಾಸ್ತಾನು ವಿವರ, ವಿಮಾ ಪತ್ರಗಳಲ್ಲಿ ಸಿಗುವ ಉಲ್ಲೇಖಗಳನ್ನು ಒಟ್ಟುಗೂಡಿಸಬೇಕು. ಒಪ್ಪಂದದ ವ್ಯಾಪ್ತಿಗೆ ಬರುವ ಮೊದಲೇ ಕೈಸೇರಿದ ಸರಕಿಗೆ ಪ್ರತ್ಯೇಕ ಪ್ರಮಾಣಪತ್ರ ನೀಡಲು ಸೈಟೀಸ್‌ನಲ್ಲಿ ಅವಕಾಶವಿದೆ. ಆಧಾರಗಳಿದ್ದವರಿಗೆ ಮಾತ್ರ ಅದು ಪ್ರಯೋಜನಕ್ಕೆ ಬರುತ್ತದೆ. ಹೊಸ ಖರೀದಿಯ ಬಿಲ್ಲಿನ ಅಡಿಯಲ್ಲಿ ಹಳೆಯ ಸರಕನ್ನು ಸಾಗಿಸುವ ಉಪಾಯವನ್ನು ಯಾರೇ ಹೇಳಿದರೂ ಕಿವಿಗೊಡಬಾರದು. ಮೇಲೆ ಹೇಳಿದ 90 ಕಿಲೋದ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ಬೆಳೆಯುವವನಿಗೆ ಏನು ಲಾಭ?

ಮಾರುವವನ ಲೆಕ್ಕದೊಂದಿಗೆ ಬೆಳೆಯುವವನ ಲೆಕ್ಕವನ್ನೂ ನೋಡಬೇಕು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಬೀಟೆಯು ಹಿಂದಿನಿಂದ ನೆರಳಿನ ಮರವಾಗಿತ್ತು. ಕಡಿಯಲು, ಸಾಗಿಸಲು ಅನುಮತಿಗಳ ತೊಡಕಿಲ್ಲದ, ಬೇಗ ಬೆಳೆಯುವ, ಮೆಣಸಿನ ಬಳ್ಳಿಗೂ ಒದಗುವ ಸಿಲ್ವರ್ ಓಕ್ ಬಂದ ಮೇಲೆ ಬೆಳೆಗಾರರು ಅದನ್ನೇ ನೆಡತೊಡಗಿದರು. ಐವತ್ತು ವರ್ಷ ಕಾಯ್ದು ಬೆಳೆಸಿದ ಮರವನ್ನು ತಾನು ಮಾರಬಲ್ಲೆನೇ ಎಂಬ ಭರವಸೆ ಇಲ್ಲದವನು ಅದನ್ನು ನೆಡುವುದಿಲ್ಲ. ಇದು ಬಂಡವಾಳ ಹೂಡಿಕೆಯ ಮೊದಲ ಪಾಠ. ಶ್ರೀಗಂಧದ ವಿಷಯದಲ್ಲಿ ಕರ್ನಾಟಕವು 2001ರಲ್ಲಿ ಅರಣ್ಯ ಕಾಯ್ದೆಯನ್ನು ತಿದ್ದಿ, ಸ್ವಂತ ಜಮೀನಿನಲ್ಲಿ ಬೆಳೆದ ಮರದ ಮೇಲೆ ಒಡೆಯನ ಹಕ್ಕನ್ನು ಮಾನ್ಯ ಮಾಡಿತು. ಆ ಬಳಿಕ ರೈತರು ಶ್ರೀಗಂಧ ನೆಡಲು ಮುಂದಾದರು. ನೆಟ್ಟು ಬೆಳೆಸಿದ ಬೀಟೆಗೂ ಸಸಿಯ ಹಂತದಲ್ಲೇ ನೋಂದಣಿ, ಕಡಿಯುವಾಗ ಸರಳವಾದ ಅನುಮತಿ ದೊರೆತರೆ ಬೆಳೆಗಾರನಿಗೆ ಹಕ್ಕು ಸಿಗುತ್ತದೆ, ತಯಾರಕನಿಗೆ ಮೂಲದ ದಾಖಲೆ ತಾನಾಗಿಯೇ ಸಿಗುತ್ತದೆ. ನಮ್ಮ ಸಂಸ್ಥೆಯು ಈ ವಿಷಯವನ್ನು ಸರ್ಕಾರದ ಮುಂದಿಡುವುದು ಸೂಕ್ತವೆಂದು ಸದಸ್ಯರ ಪರಿಶೀಲನೆಗೆ ಸೂಚಿಸಬಯಸುತ್ತೇನೆ.

ಐರೋಪ್ಯ ಒಕ್ಕೂಟವು 2023ರಲ್ಲಿ ಅಂಗೀಕರಿಸಿದ ಅರಣ್ಯನಾಶ ತಡೆ ನಿಯಮವು ಮರ ಕಡಿದ ಜಮೀನಿನ ಅಕ್ಷಾಂಶ, ರೇಖಾಂಶಗಳನ್ನೂ ಕೇಳುತ್ತದೆ. ಅದರ ಜಾರಿಯನ್ನು ಮುಂದೂಡಲಾಗಿದೆಯಾದರೂ ದಿಕ್ಕು ಸ್ಪಷ್ಟವಾಗಿದೆ. ಮುಂಬರುವ ದಿನಗಳಲ್ಲಿ ದಾಖಲೆಯ ಬೇಡಿಕೆ ಹೆಚ್ಚುವುದೇ ಹೊರತು ಕಡಿಮೆಯಾಗದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಉದ್ಯಮ ಚಿಕ್ಕದಿರುವಾಗಲೇ ಈ ಅಭ್ಯಾಸವನ್ನು ರೂಢಿಸಿಕೊಂಡರೆ ಖರ್ಚು ಅಲ್ಪ, ಶ್ರಮ ಅಲ್ಪ. ಬರುವ ಹಣಕಾಸು ವರ್ಷದ ಮೊದಲ ದಿನದಂದು ಸದಸ್ಯರು ಗೋದಾಮಿನಲ್ಲಿರುವ ಬೀಟೆಯನ್ನೆಲ್ಲ ಅಳೆದು, ಖರೀದಿ ಪುಸ್ತಕದ ಮೊದಲ ಪುಟವನ್ನು ಬರೆಯಲಿ. ಮೈಸೂರಿನ ಕುಶಲಕರ್ಮಿಯ ಕೈಗೆ ನಾಳೆಯೂ ಬೀಟೆಯ ಫಲಕ ದೊರೆಯಬೇಕಾದರೆ ಇಂದಿನ ಫಲಕದ ಲೆಕ್ಕ ಸರಿಯಾಗಿರಬೇಕು.